ಪವಿತ್ರ್ ಪ್ರಭಾಕರನ ಮೂಲ ವಿಳಾಸ

ಬಸವನಗುಡಿಯ ಓದುಗರೊಬ್ಬರ ಪತ್ರ: ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ನೋಡಿದಾಗಿನಿಂದ ನನ್ನ ಹನ್ನೆರಡು ವರ್ಷದ ಮಗಳು ಆ ಅನಿಮೇಷನ್ ಸಿನಿಮಾದ ಭಾರತೀಯ ಸ್ಪೈಡರ್-ಮ್ಯಾನ್ ಪವಿತ್ರ್ ಪ್ರಭಾಕರನ ಜಪ ಮಾಡುತ್ತಿದ್ದಾಳೆ. ಈ ಮುಂಬೈ ಹುಡುಗನನ್ನು ಹುಟ್ಟಿಸಿದ್ದು ಬೆಂಗಳೂರಿನ ಕಂಪನಿ ಎಂದು ಗೆಳೆಯರೊಬ್ಬರು ಪಟ್ಟು ಹಿಡಿದು ಹೇಳುತ್ತಾರೆ. ನಿಜವೇ? ನಿಜವಾದರೆ ಆ ಕಂಪನಿ ಏನಾಯಿತು, ಈಗ ಏನು ಹೊರತರುತ್ತಿದೆ? ಅಥವಾ ಇದೂ ಅಮೆರಿಕದವರು ಹೇಳಿದ್ದನ್ನು ನಮ್ಮವರು ಬರೆದುಕೊಟ್ಟ ಹೊರಗುತ್ತಿಗೆ ಕೆಲಸವೇ?

ಸಂಪಾದಕರ ಉತ್ತರ:

ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ಆ ಕಂಪನಿ ಗೋಥಮ್ ಎಂಟರ್‌ಟೈನ್‌ಮೆಂಟ್ ಗ್ರೂಪ್; ಪುಸ್ತಕದಂಗಡಿಗಳಲ್ಲಿ ಗೋಥಮ್ ಕಾಮಿಕ್ಸ್ ಎಂದೇ ಪರಿಚಿತ. ಅದರ ಒಂದು ಕಾಲು ನ್ಯೂಯಾರ್ಕಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್ ಅದರ ಮುಂದಾಳುಗಳು. 1990ರ ದಶಕದ ಕೊನೆಗೆ ಶುರುವಾದಾಗ ಅವರ ವ್ಯಾಪಾರ ಸರಳವಾಗಿತ್ತು: ಅಮೆರಿಕದ ಕಾಮಿಕ್ಸ್ ಸಂಸ್ಥೆಗಳಾದ ಮಾರ್ವೆಲ್, ಡಿಸಿಗಳಿಂದ ಹಕ್ಕು ಪಡೆದು ಸ್ಪೈಡರ್-ಮ್ಯಾನ್, ಬ್ಯಾಟ್‌ಮ್ಯಾನ್ ಪುಸ್ತಕಗಳನ್ನು ಇಲ್ಲಿಯೇ ಅಚ್ಚು ಹಾಕಿಸಿ, ಮಧ್ಯಮ ವರ್ಗದ ಅಪ್ಪಂದಿರು ಹುಬ್ಬೇರಿಸದ ಬೆಲೆಗೆ ಮಾರುವುದು.

ಕಾಮಿಕ್ಸ್ ಬೆಂಗಳೂರಿಗೆ ಹೊಸದೇನೂ ಆಗಿರಲಿಲ್ಲ. ಅಮರ ಚಿತ್ರಕಥೆ ಎಂದರೆ ಎಲ್ಲರೂ ಕಾರ್ಕಳದ ಅನಂತ ಪೈ ಅವರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಆ ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿ ಬಂದವು, ಅದರ ಹಿಂದೆ ಇದ್ದವರು ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಎಂಬುದು ಎಷ್ಟೋ ಓದುಗರಿಗೆ ತಿಳಿಯದು. ಇಂಗ್ಲಿಷ್ ಮಾಲೆಯ ಸಂಖ್ಯೆ ಹನ್ನೊಂದರಿಂದ ಆರಂಭವಾಗುವುದಕ್ಕೂ ಕನ್ನಡದ ಆ ಮೊದಲ ಹತ್ತು ಪುಸ್ತಕಗಳೇ ಕಾರಣ. ಇನ್ನು ಸೂಪರ್‌ಹೀರೋ ವಿಚಾರಕ್ಕೆ ಬಂದರೆ, ನನ್ನ ವಯಸ್ಸಿನವರಿಗೆ ಫ್ಯಾಂಟಮ್ ಇದ್ದ, ‘ಬಾಲಮಂಗಳ’ದ ಡಿಂಗ ಇದ್ದ. ಕೇರಳದಿಂದ ಬಂದ ಆ ಇಲಿಯ ಮುಂದೆ ಸೂಪರ್‌ಮ್ಯಾನ್ ಸಪ್ಪೆ ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಪವಿತ್ರ್‌ನ ವಿಷಯಕ್ಕೆ ಬರೋಣ. ‘ಸ್ಪೈಡರ್-ಮ್ಯಾನ್: ಇಂಡಿಯಾ’ ನಾಲ್ಕು ಸಂಚಿಕೆಗಳ ಕಿರುಮಾಲೆ. 2004ರ ಕೊನೆಗೆ ಭಾರತದಲ್ಲಿ, ಮರುವರ್ಷದ ಆರಂಭದಲ್ಲಿ ಅಮೆರಿಕದಲ್ಲಿ ಬಂತು. ದೇವರಾಜನ್, ಸೀತಾರಾಮನ್ ಜೊತೆಗೆ ಕಥೆ ಕಟ್ಟಿ ಚಿತ್ರ ಬರೆದವರು ಜೀವನ್ ಕಾಂಗ್. ನಿಮ್ಮ ಮಗಳು ತೆರೆಯ ಮೇಲೆ ಕಂಡ ಹುಡುಗನಿಗೂ ಇವನಿಗೂ ಬಹಳ ದೂರ. ಸಿನಿಮಾದ ಪವಿತ್ರ್ ನಗುನಗುತ್ತಾ ನಗರದ ತುಂಬ ಜಿಗಿಯುವವನು, ಕೂದಲಿನ ಬಗ್ಗೆ ಅಪಾರ ಹೆಮ್ಮೆಯುಳ್ಳವನು. ಕಾಮಿಕ್ಸಿನವನು ವಿದ್ಯಾರ್ಥಿವೇತನ ಪಡೆದು ಹಳ್ಳಿಯಿಂದ ಮುಂಬೈಗೆ ಬಂದ, ತಂದೆತಾಯಿ ಇಲ್ಲದ ಹುಡುಗ. ಮಾಯಾ ಚಿಕ್ಕಮ್ಮ, ಭೀಮ ಚಿಕ್ಕಪ್ಪನ ಆಸರೆ. ಶಾಲೆಯ ಶುಲ್ಕ ಕಟ್ಟುವುದಕ್ಕೂ ಚಿಕ್ಕಪ್ಪನಿಗೆ ಪರದಾಟ. ಹಳ್ಳಿಯ ಉಡುಪು ತೊಟ್ಟು ಬಂದವನನ್ನು ಸಹಪಾಠಿಗಳು ಗೇಲಿ ಮಾಡುತ್ತಾರೆ, ಹೊಡೆಯುತ್ತಾರೆ. ಸ್ನೇಹ ತೋರುವವಳು ಮೀರಾ ಜೈನ್ ಒಬ್ಬಳೇ. ಹೊಡೆಯುವ ಹುಡುಗರಿಂದ ತಪ್ಪಿಸಿಕೊಂಡು ಓಡುವಾಗಲೇ ಅವನಿಗೆ ಯೋಗಿಯೊಬ್ಬ ಎದುರಾಗಿ ಜೇಡನ ಶಕ್ತಿ ಕೊಡುತ್ತಾನೆ. ಅಮೆರಿಕದ ಮೂಲ ಕಥೆಯ ಪ್ರಯೋಗಾಲಯವಿಲ್ಲ, ವಿಕಿರಣಕ್ಕೆ ಸಿಕ್ಕ ಜೇಡವಿಲ್ಲ. ಎದುರಾಳಿ ನಳಿನ್ ಒಬೆರಾಯ್ ತಾಯಿತವೊಂದರ ಬಲದಿಂದ ರಾಕ್ಷಸನಾಗುತ್ತಾನೆ. ವೇಷವಂತೂ ನೋಡುವಂಥದ್ದು: ಸೊಂಟದ ಮೇಲೆ ಮಾರ್ವೆಲ್‌ನ ಕೆಂಪು-ನೀಲಿ ಬಲೆಯಂಗಿ, ಕೆಳಗೆ ಗಾಳಿಗೆ ಉಬ್ಬುವ ಬಿಳಿ ಧೋತಿ, ಕಾಲಿಗೆ ಮೋಜಡಿ.

ಅಂದು ಈ ಧೋತಿಯನ್ನು ನೋಡಿ ನಕ್ಕವರು ಬಹಳ. ವಿದೇಶಿಯರ ಕಣ್ಣಿಗೆ ಬೇಕಾದ ಭಾರತ ಇದು, ಯೋಗಿ ರಾಕ್ಷಸರನ್ನು ಸೇರಿಸಿ ಮಸಾಲೆ ಅರೆದಿದ್ದಾರೆ ಎಂಬ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. 2004ರ ಮುಂಬೈಯ ಹುಡುಗನಿಗೆ ಶಕ್ತಿ ಬರಲು ಯೋಗಿಯೇ ಏಕೆ ಬೇಕಿತ್ತು? ಆದರೆ ಕಾಂಗ್ ಅವರ ಗೆರೆಯಲ್ಲಿ ಒಂದು ಜಾಣತನವಿದೆ. ಶಾಲೆಯಲ್ಲಿ ಯಾವ ಉಡುಪಿಗೆ ಹುಡುಗ ಅವಮಾನ ಪಡುತ್ತಾನೋ ಆ ಉಡುಪೇ ಕಟ್ಟಡಗಳ ನಡುವೆ ಜೋತಾಡುವಾಗ ಅವನ ಹಿಂದೆ ಪಟಪಟಿಸುತ್ತದೆ. ಸಂಭಾಷಣೆಗಳು ಇದನ್ನು ಎತ್ತಿ ಹೇಳುವ ಗೋಜಿಗೆ ಹೋಗಿಲ್ಲ.

ಈಗ ನಿಮ್ಮ ಹೊರಗುತ್ತಿಗೆಯ ಪ್ರಶ್ನೆ. ಬಣ್ಣ ತುಂಬಿ ಕಳಿಸುವ ಕೂಲಿ ಕೆಲಸ ಅದಾಗಿರಲಿಲ್ಲ; ಕಥೆ, ಪಾತ್ರ, ರೂಪ ಎಲ್ಲವೂ ಇಲ್ಲಿನ ತಂಡದ್ದೇ. ಆದರೆ ಪಾತ್ರದ ಒಡೆತನ ಮಾರ್ವೆಲ್‌ನದು. ಸ್ಪೈಡರ್-ಮ್ಯಾನ್ ಹೆಸರು ಬಳಸಿದ ಮೇಲೆ ಬೇರೆ ದಾರಿಯೂ ಇರಲಿಲ್ಲ. ಮುಂದಿನದ್ದೆಲ್ಲ ಆ ಒಂದು ಸಂಗತಿಯಿಂದಲೇ ಹೊರಟಿತು. 2014ರಲ್ಲಿ ಮಾರ್ವೆಲ್, ಬೇರೆ ಬೇರೆ ಲೋಕಗಳ ಸ್ಪೈಡರ್-ಮ್ಯಾನ್‌ಗಳು ಒಟ್ಟುಗೂಡುವ ತನ್ನ ಸ್ಪೈಡರ್-ವರ್ಸ್ ಕಥಾನಕಕ್ಕೆ ಪವಿತ್ರ್‌ನನ್ನು ಕರೆದುಕೊಂಡಿತು. 2023ರಲ್ಲಿ ಸಿನಿಮಾ ಬಂತು, ಕನ್ನಡವೂ ಸೇರಿ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆ ಕಂಡಿತು. ಅದರಲ್ಲಿ ಪವಿತ್ರ್‌ನ ಊರು ಮುಂಬೈಯೂ ಅಲ್ಲ, ಮುಂಬೈಗೆ ಮ್ಯಾನ್‌ಹ್ಯಾಟನ್ ಬೆಸೆದ ಮುಂಬ್ಯಾಟನ್. ಬೆಂಗಳೂರಿನ ಹೆಸರು ಪ್ರೇಕ್ಷಕರ ಕಿವಿಗೆ ಬೀಳುವ ಪ್ರಮೇಯವೇ ಇಲ್ಲ.

ಸ್ವಂತ ನಾಯಕರು ಬೇಕು ಎಂದು ಈ ತಂಡಕ್ಕೂ ಅನ್ನಿಸಿರಬೇಕು. 2006ರಲ್ಲಿ ಬ್ರಿಟನ್ನಿನ ಉದ್ಯಮಿ ರಿಚರ್ಡ್ ಬ್ರಾನ್ಸನ್ ಅವರ ವರ್ಜಿನ್ ಸಮೂಹದ ಹಣ ಸೇರಿ ವರ್ಜಿನ್ ಕಾಮಿಕ್ಸ್ ಹುಟ್ಟಿತು. ಲೇಖಕ ದೀಪಕ್ ಚೋಪ್ರಾ, ಸಿನಿಮಾ ನಿರ್ದೇಶಕ ಶೇಖರ್ ಕಪೂರ್ ಕೂಡ ಜೊತೆಗಿದ್ದರು. ಬೆಂಗಳೂರಿನ ಸ್ಟುಡಿಯೋದಲ್ಲಿ ಚಿತ್ರಕಾರರ ದೊಡ್ಡ ಪಡೆ. ಅದೇ ಜುಲೈನಲ್ಲಿ ಬಂದ ‘ದೇವಿ’ಯಲ್ಲಿ ಸೀತಾಪುರವೆಂಬ ಮಹಾನಗರದ ತಾರಾ ಮೆಹ್ತಾ ಎಂಬ ಸಾಮಾನ್ಯ ಯುವತಿ ದೇವಿಯ ಶಕ್ತಿಗೆ ಪಾತ್ರಳಾಗುತ್ತಾಳೆ. ಮೊದಲ ಸಂಚಿಕೆಗಳಿಗೆ ಮುಕೇಶ್ ಸಿಂಗ್ ಚಿತ್ರಿಸಿದ ಪುಟಗಳ ಮುಂದೆ ಆ ಕಾಲದ ಅಮೆರಿಕದ ಹಲವು ಮಾಸಿಕಗಳು ಬಡವಾಗಿ ಕಾಣುತ್ತವೆ. ಅಣುಯುದ್ಧದಲ್ಲಿ ಸುಟ್ಟ ಭೂಮಿಯ ಮೇಲೆ ರಾಮನನ್ನು ನಿಲ್ಲಿಸಿದ ‘ರಾಮಾಯಣ್ 3392 ಎ.ಡಿ.’ಗೆ ಅಭಿಷೇಕ್ ಸಿಂಗ್ ಕೊಟ್ಟ ರೂಪ, ಈ ಕಂಪನಿ ಮಾಡಿದ ಅತ್ಯಂತ ಧೈರ್ಯದ ಕೆಲಸ ಎಂದು ನನ್ನ ಎಣಿಕೆ. ಮೂಲ ಕಥೆಯ ಮೇಲೆ ಭಕ್ತಿ ಇಟ್ಟುಕೊಂಡವರು ಮೂಗು ಮುರಿಯಬಹುದು. ಆ ಪುಟಗಳ ಜಟೆ, ಕವಚ, ಬೂದಿಬಣ್ಣದ ಆಕಾಶಗಳನ್ನು ಒಮ್ಮೆ ನೋಡಿ ಆಮೇಲೆ ಮುರಿಯಲಿ.

ಎರಡೇ ವರ್ಷ. 2008ರ ಆಗಸ್ಟ್‌ನಲ್ಲಿ ವರ್ಜಿನ್ ಕಾಮಿಕ್ಸ್ ನ್ಯೂಯಾರ್ಕ್ ಕಚೇರಿ ಮುಚ್ಚಿತು. ಸೆಪ್ಟೆಂಬರ್‌ನಲ್ಲಿ ಆಡಳಿತ ವರ್ಗದವರೇ ಕಂಪನಿಯನ್ನು ಕೊಂಡು ಲಿಕ್ವಿಡ್ ಕಾಮಿಕ್ಸ್ ಎಂದು ಹೆಸರಿಟ್ಟರು. ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಕುಸಿದದ್ದೂ ಅದೇ ತಿಂಗಳು, ಹಾಗಾಗಿ ಎಲ್ಲರೂ ಆರ್ಥಿಕ ಹಿಂಜರಿತದ ಕಡೆ ಬೆರಳು ತೋರಿಸುತ್ತಾರೆ. ಕಾಲ ಕೆಟ್ಟದ್ದಾಗಿತ್ತು, ಒಪ್ಪೋಣ. ಆದರೆ ಅವರ ಪಟ್ಟಿಯನ್ನು ನೋಡಿದರೆ ಇನ್ನೊಂದು ಕಾರಣ ಕಣ್ಣಿಗೆ ಹೊಡೆಯುತ್ತದೆ. ಸಿನಿಮಾ ನಿರ್ದೇಶಕ ಜಾನ್ ವೂ ಹೆಸರಿನಲ್ಲಿ ‘ಸೆವೆನ್ ಬ್ರದರ್ಸ್’, ನಿರ್ದೇಶಕ ಗೈ ರಿಚಿ ಹೆಸರಿನಲ್ಲಿ ‘ಗೇಮ್‌ಕೀಪರ್’, ನಟ ನಿಕೋಲಸ್ ಕೇಜ್ ಮತ್ತು ಅವರ ಮಗನ ಹೆಸರಿನಲ್ಲಿ ‘ವೂಡೂ ಚೈಲ್ಡ್’. ಮುಖಪುಟದ ಮೇಲೆ ನಾಯಕನಿಗಿಂತ ದೊಡ್ಡವರಾಗಿ ಪ್ರಸಿದ್ಧರು ಕುಳಿತರು. ಎಲ್ಲವೂ ಮುಂದೆ ಸಿನಿಮಾ ಆದೀತು ಎಂಬ ಲೆಕ್ಕ. ಓದುಗ ತಾರಾ ಮೆಹ್ತಾಳನ್ನು ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಅಂಗಡಿಯ ಕಪಾಟಿನಲ್ಲಿ ಇನ್ನೂ ನಾಲ್ಕು ಹೊಸ ಮಾಲೆಗಳು.

ಇದಕ್ಕೆ ಹೋಲಿಸಲು ಮಾರ್ವೆಲ್ ಕಥೆಯೇ ಸಾಕು. 1939ರಲ್ಲಿ ಟೈಮ್ಲಿ ಎಂಬ ಹೆಸರಿನಿಂದ ಶುರುವಾದ ಆ ಸಂಸ್ಥೆ ಸ್ಪೈಡರ್-ಮ್ಯಾನ್‌ನನ್ನು ಹುಟ್ಟಿಸಿದ್ದು 1962ರಲ್ಲಿ. 1996ರ ಕೊನೆಗೆ ದಿವಾಳಿ ಅರ್ಜಿ ಹಾಕುವ ಸ್ಥಿತಿ ತಲುಪಿತು. ಆದರೂ ಬದುಕಿತು, 2009ರಲ್ಲಿ ಡಿಸ್ನಿ ಅದಕ್ಕೆ ಸುಮಾರು 400 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೊಂಡದ್ದು ಯಂತ್ರಗಳನ್ನಲ್ಲ, ದಶಕಗಳ ಕಾಲ ಬಿಡದೆ ಓದಿಸಿಕೊಂಡ ಪಾತ್ರಗಳನ್ನು. ದೇವಿಗೆ ಅಷ್ಟು ಕಾಲ ಕೊಡಲು ಯಾರಿಗೂ ತಾಳ್ಮೆ ಇರಲಿಲ್ಲ. ಹೂಡಿಕೆದಾರರಿಗಂತೂ ಇರಲೇ ಇಲ್ಲ.

ಆ ತಂಡ ಮಾತ್ರ ಮುಳುಗಲಿಲ್ಲ. ದೇವರಾಜನ್ ಅವರ ಗ್ರಾಫಿಕ್ ಇಂಡಿಯಾ ಎಂಬ ಕಂಪನಿ ಇಂದಿಗೂ ಇದೆ. 2010ರಲ್ಲಿ ಗ್ರಾಂಟ್ ಮಾರಿಸನ್ ಬರೆದ, ಮುಕೇಶ್ ಸಿಂಗ್ ಚಿತ್ರಿಸಿದ ಮಹಾಭಾರತದ ‘18 ಡೇಸ್’ ಪುಸ್ತಕವಾಯಿತು. 2013ರಲ್ಲಿ, ಸ್ಪೈಡರ್-ಮ್ಯಾನ್ ಸೃಷ್ಟಿಕರ್ತರಲ್ಲೊಬ್ಬರಾದ ಸ್ಟಾನ್ ಲೀ ಅವರೊಂದಿಗೆ ಸೇರಿ ರೂಪಿಸಿದ ಸೂಪರ್‌ಹೀರೋ ‘ಚಕ್ರ’ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬಂದ. ಈಗಿನ ಅವರ ಮುಖ್ಯ ಉತ್ಪನ್ನ ಪುಸ್ತಕವಲ್ಲ, ಅನಿಮೇಷನ್. ‘ದಿ ಲೆಜೆಂಡ್ ಆಫ್ ಹನುಮಾನ್’ 2021ರ ಜನವರಿಯಲ್ಲಿ ಹಾಟ್‌ಸ್ಟಾರ್‌ನಲ್ಲಿ ಆರಂಭವಾಗಿ 2025ರ ಏಪ್ರಿಲ್‌ನಲ್ಲಿ ಆರನೇ ಸರಣಿ ತಲುಪಿತು; ಕನ್ನಡ ಧ್ವನಿಯಲ್ಲೂ ನೋಡಬಹುದು. ಅದರ ಸೃಷ್ಟಿಕರ್ತರ ಸಾಲಿನಲ್ಲಿ ಜೀವನ್ ಕಾಂಗ್ ಹೆಸರಿದೆ. 2024ರ ‘ಬಾಹುಬಲಿ: ಕ್ರೌನ್ ಆಫ್ ಬ್ಲಡ್’ ಕೂಡ ಇದೇ ಮನೆಯದು. ವ್ಯಾಪಾರ ಚೆನ್ನಾಗಿದೆ, ಸಂತೋಷ. ಆದರೆ ಹನುಮಂತನ ಮೇಲೂ ಬಾಹುಬಲಿಯ ಮೇಲೂ ಪ್ರೇಕ್ಷಕರಿಗೆ ಮೊದಲೇ ಪ್ರೀತಿಯಿತ್ತು. ಯಾರಿಗೂ ಗೊತ್ತಿಲ್ಲದ ಒಬ್ಬಳನ್ನು ಪುಟದ ಮೇಲೆ ನಿಲ್ಲಿಸಿ ಓದುಗರ ಮನೆಗೆ ಸೇರಿಸುವ ಕೆಲಸಕ್ಕೆ ಅವರು ಮತ್ತೆ ಕೈ ಹಾಕಲಿ ಎಂಬುದು ನನ್ನ ಹಟ.

ಮಗಳಿಗೆ ಏನು ಕೊಡಿಸಬೇಕು? ಮೊದಲು 2023ರ ಹೊಸ ‘ಸ್ಪೈಡರ್-ಮ್ಯಾನ್: ಇಂಡಿಯಾ’. ನಿಕೇಶ್ ಶುಕ್ಲಾ ಬರೆದು ಅಭಿಷೇಕ್ ಮಲ್ಸುನಿ ಚಿತ್ರಿಸಿದ ಐದು ಸಂಚಿಕೆಗಳು ಒಂದೇ ಸಂಪುಟವಾಗಿ ಸಿಗುತ್ತವೆ. ಸಿನಿಮಾ ನೋಡಿದವರಿಗೆ ಇದರ ಧಾಟಿ ಹತ್ತಿರ. ಹಳೆಯ ಗೋಥಮ್ ಸಂಚಿಕೆಗಳಿಗೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್‌ನಲ್ಲಿ ಹಳೆಯ ಪುಸ್ತಕಗಳ ಕಪಾಟುಗಳನ್ನು ತಡಕಬೇಕು, ಬ್ರಿಗೇಡ್ ರಸ್ತೆಯ ಪಕ್ಕದ ಸೆಲೆಕ್ಟ್‌ನಲ್ಲಿ ಕೇಳಬೇಕು. ಸಿಕ್ಕರೆ ನಿಮ್ಮ ಅದೃಷ್ಟ. ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ಕಾಮಿಕ್ಸ್ ಅಭಿಮಾನಿಗಳ ಮೇಳವಾದ ಕಾಮಿಕ್ ಕಾನ್ ನಡೆದಾಗ ಹೋದರೆ ಬೊಂಬೆ, ಟೀ ಶರ್ಟ್‌ಗಳ ಮಳಿಗೆಗಳನ್ನು ದಾಟಿ ನೇರವಾಗಿ ಚಿತ್ರಕಾರರು ಕೂರುವ ಸಾಲಿಗೆ ನಡೆಯಿರಿ. ವರ್ಜಿನ್‌ನ ‘ಸ್ನೇಕ್ ವುಮನ್’ ಕೈಗೆ ಸಿಕ್ಕರೆ ಅದನ್ನು ನೀವು ಇಟ್ಟುಕೊಳ್ಳಿ, ಅದು ಹನ್ನೆರಡರ ವಯಸ್ಸಿಗಲ್ಲ. ‘ದೇವಿ’ಯನ್ನೂ ಕೊಡುವ ಮೊದಲು ಒಮ್ಮೆ ನೀವೇ ಓದಿ ನೋಡಿ. ಪವಿತ್ರ್ ಇರುವ ಸಿನಿಮಾದ ಮುಂದಿನ ಭಾಗ 2027ಕ್ಕೆ ನಿಗದಿಯಾಗಿದೆ. ಅಷ್ಟರೊಳಗೆ ಮಗಳಿಗೆ ಹದಿಮೂರು ದಾಟಿರುತ್ತದೆ. ಧೋತಿಯ ಪವಿತ್ರ್ ಹೆಚ್ಚೋ ಕೂದಲಿನ ಪವಿತ್ರ್ ಹೆಚ್ಚೋ ಎಂಬ ಬಗ್ಗೆ ಅವಳದೇ ಪತ್ರ ಬಂದರೆ ಈ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.