ಮೇಷ್ಟ್ರನ್ನು ಕೇಳಿ: ಒಂಬತ್ತನೇ ಪದಕ ತಪ್ಪಿದ ದಿನ

ಹೋದ ಸಂಚಿಕೆಯಲ್ಲಿ ಐರ್ಲೆಂಡಿನ ಹರ್ಲಿಂಗ್ ಅನ್ನುವ ಕೋಲು-ಚೆಂಡಿನ ಆಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಾರ್ಕ್ ಊರಿನಲ್ಲಿ ಮಗಳ ಮನೆಯಲ್ಲಿ ಐದು ತಿಂಗಳು ಇದ್ದಾಗ ನೋಡಿದ ಆಟ ಅದು. ಬರೆಯುವಾಗ ಕ್ರಿಸ್ಟಿ ರಿಂಗ್ ಅನ್ನುವ ಆಟಗಾರರ ಹೆಸರೂ ಬಂದಿತ್ತು. ಈಗ ನೋಡಿದರೆ ಬಂದಿರುವ ಪತ್ರಗಳಲ್ಲಿ ಜಾಸ್ತಿ ಪಾಲು ಅವರ ಬಗ್ಗೆಯೇ. ನನಗಂತೂ ಖುಷಿಯಾಗಿದೆ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಷ್ಟ್ರೇ, ನಾವು ಶಿವಮೊಗ್ಗದವರು, ಡಬ್ಲಿನ್‌ನಲ್ಲಿದ್ದೇವೆ. ನನ್ನ 10 ವರ್ಷದ ಮಗ ಶಾಲೆಯಲ್ಲಿ ಹರ್ಲಿಂಗ್ ಆಡುತ್ತಾನೆ. ಆ ಕೋಲು ನೋಡಿದರೇ ನನಗೆ ಭಯ. ಆಟ ನನಗೆ ಅರ್ಥವೂ ಆಗುವುದಿಲ್ಲ. ಕ್ರಿಸ್ಟಿ ರಿಂಗ್ ಯಾರು ಅಂತ ಮಗ ಕೇಳಿದ, ಹೇಳಲು ಗೊತ್ತಾಗಲಿಲ್ಲ.
– ಓದುಗರೊಬ್ಬರು, ಡಬ್ಲಿನ್

ಉತ್ತರ: ನೋಡಮ್ಮಾ, ಮೊದಲು ಭಯದ ಮಾತು ಮುಗಿಸೋಣ. 2010ರಿಂದ ಹರ್ಲಿಂಗ್‌ನಲ್ಲಿ ಹೆಲ್ಮೆಟ್ ಕಡ್ಡಾಯ. ಮುಖಕ್ಕೆ ಕಂಬಿಯ ಮರೆಯೂ ಇರುತ್ತದೆ. ಅಭ್ಯಾಸದ ದಿನ ಕೂಡ ಅದನ್ನು ಹಾಕದೆ ಬಯಲಿಗೆ ಬಿಡಬೇಡಿ. ಅಷ್ಟು ನೋಡಿಕೊಂಡರೆ ಸಾಕು, ಧೈರ್ಯವಾಗಿ ಆಡಲಿ.

ಇನ್ನು ಆಟ. ಒಂದು ಕಡೆ 15 ಜನ. ನಮ್ಮ ಹಾಕಿ ಬಯಲಿಗಿಂತ ತುಂಬಾ ದೊಡ್ಡ ಬಯಲು. ಚೆಂಡಿಗೆ ಸ್ಲಿಟರ್ ಅನ್ನುತ್ತಾರೆ. ಮೇಲೆ ಚರ್ಮ, ತೂಕ ಸುಮಾರು 110ರಿಂದ 120 ಗ್ರಾಂ. ಹಾಕಿಯಲ್ಲಿ ಚೆಂಡಿಗೆ ಕೈ ತಾಗಿದರೆ ತಪ್ಪು. ಇಲ್ಲಿ ಗಾಳಿಯಲ್ಲಿ ಬರುವ ಚೆಂಡನ್ನು ಬರಿಗೈಯಲ್ಲಿ ಹಿಡಿಯಬಹುದು, ಹಿಡಿದು ನಾಲ್ಕು ಹೆಜ್ಜೆ ಹಾಕಬಹುದು. ಅದಕ್ಕಿಂತ ಜಾಸ್ತಿ ಓಡಬೇಕಾದರೆ ಚೆಂಡನ್ನು ಕೋಲಿನ ಅಗಲ ತುದಿಯ ಮೇಲೆ ಕೂರಿಸಿಕೊಂಡೇ ಓಡಬೇಕು. ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡಿಸುತ್ತೇವಲ್ಲ ಶಾಲೆಯಲ್ಲಿ, ಹಾಗೆ. ಆದರೆ ಇಲ್ಲಿ ಹಿಂದೆ ನಾಲ್ಕು ಜನ ಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಿರುತ್ತಾರೆ! ಗೋಲು ಕಂಬ ಇಂಗ್ಲಿಷಿನ ಎಚ್ ಅಕ್ಷರದ ಹಾಗಿರುತ್ತದೆ. ಅಡ್ಡಪಟ್ಟಿಯ ಕೆಳಗೆ ಹೋದರೆ ಒಂದು ಗೋಲು, ಅಂದರೆ 3 ಅಂಕ. ಮೇಲೆ ಹೋದರೆ 1 ಅಂಕ. ಹಾಗಾಗಿ 2-14 ಅಂತ ಬರೆದಿದ್ದರೆ 2 ಗೋಲು, 14 ಅಂಕ, ಒಟ್ಟು 20.

ಈಗ ಮಗನಿಗೆ ಹೇಳಿ. ಕ್ರಿಸ್ಟಿ ರಿಂಗ್ ಹುಟ್ಟಿದ್ದು 1920ರ ಅಕ್ಟೋಬರ್ 30ರಂದು, ಕಾರ್ಕ್ ಜಿಲ್ಲೆಯ ಕ್ಲಾಯ್ನ್ ಊರಿನ ಹತ್ತಿರ. 1939ರಲ್ಲಿ ಕಾರ್ಕ್‌ನ ಸೀನಿಯರ್ ತಂಡಕ್ಕೆ ಬಂದರು. ಆಮೇಲೆ ಜಿಲ್ಲಾ ತಂಡಗಳು ಆಡುವ ಅಖಿಲ ಐರ್ಲೆಂಡ್ ಪಂದ್ಯಾವಳಿಯ ಪದಕವನ್ನು 8 ಸಲ ಗೆದ್ದರು: 1941ರಿಂದ 1944ರವರೆಗೆ ಸತತ ನಾಲ್ಕು, 1946ರಲ್ಲಿ ಒಂದು, 1952ರಿಂದ 1954ರವರೆಗೆ ಮತ್ತೆ ಸತತ ಮೂರು. 1946, 1953, 1954ರಲ್ಲಿ ನಾಯಕರೂ ಅವರೇ.  1946ರ ಫೈನಲ್‌ನಲ್ಲಿ ಚೆಂಡನ್ನು ಕೋಲಿನ ಮೇಲಿಟ್ಟುಕೊಂಡು ನಡುಬಯಲಿನಿಂದ ಓಡಿ ಹೋಗಿ ಗೋಲು ಹೊಡೆದರಲ್ಲ, ಅದನ್ನು ಕಾರ್ಕ್‌ನ ಹಿರಿಯರು ನಿನ್ನೆ ಮೊನ್ನೆ ನಡೆದ ಹಾಗೆ ಕೈ ಬೀಸಿ ತೋರಿಸುತ್ತಾರೆ. ನಿಮ್ಮ ಮಗ ಕೇಳಿರಬಹುದಾದ, ಅವರ ಹೆಸರಿನ ಕ್ರಿಸ್ಟಿ ರಿಂಗ್ ಕಪ್ ಪಂದ್ಯಾವಳಿ 2005ರಲ್ಲಿ ಶುರುವಾಯಿತು.

ಪ್ರಶ್ನೆ: ಇಷ್ಟು ಗೆದ್ದವರು ಆಗಿನ ಕಾಲಕ್ಕೇ ದೊಡ್ಡ ಶ್ರೀಮಂತರಾಗಿರಬೇಕು ಅಲ್ವಾ ಸರ್?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಇಲ್ಲಪ್ಪ. ಅವರು ಲಾರಿ ಓಡಿಸುತ್ತಿದ್ದರು.

ಹುಡುಗನಾಗಿದ್ದಾಗ ಪಕ್ಕದ ಮಿಡಲ್ಟನ್‌ನಲ್ಲಿ ಮೆಕ್ಯಾನಿಕ್ ಕೆಲಸ ಕಲಿತರು. ಆಮೇಲೆ ಕಾರ್ಕ್ ನಗರಕ್ಕೆ ಬಂದು ಲಾರಿ ಡ್ರೈವರ್ ಆದರು. ಮುಂದೆ ಶೆಲ್ ಕಂಪನಿಯ ಎಣ್ಣೆ ಲಾರಿ ಓಡಿಸಿದರು. ಭಾನುವಾರ 80 ಸಾವಿರ ಜನ ಹೆಸರು ಕೂಗಿದ ಮನುಷ್ಯ ಸೋಮವಾರ ಬೆಳಿಗ್ಗೆ ಸ್ಟೇರಿಂಗ್ ಹಿಡಿಯಬೇಕಿತ್ತು. ಹರ್ಲಿಂಗ್ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ 1884ರಲ್ಲಿ ಥರ್ಲ್ಸ್ ಊರಿನಲ್ಲಿ ಶುರುವಾದದ್ದು. ಅಲ್ಲಿ ಆಡುವುದಕ್ಕೆ ಸಂಬಳ ಇಲ್ಲ. ಈಗಲೂ ಇಲ್ಲ. ಇವತ್ತು ಟಿವಿಯಲ್ಲಿ ಕಾಣುವ ಆಟಗಾರ ನಾಳೆ ನಿಮ್ಮ ಮಗುವಿಗೆ ಪಾಠ ಮಾಡುವ ಮೇಷ್ಟ್ರೋ, ಬ್ಯಾಂಕಿನಲ್ಲಿ ಕೂರುವವರೋ, ಹೊಲ ಮಾಡುವವರೋ ಆಗಿರಬಹುದು. ಆಟಗಾರರನ್ನು ಹರಾಜು ಹಾಕುವುದಿಲ್ಲ. ಹುಟ್ಟಿದ ಜಿಲ್ಲೆಗೆ ಅಥವಾ ಬದುಕುವ ಜಿಲ್ಲೆಗೆ ಆಡಬೇಕು, ಅಷ್ಟೇ.

ನಾನು 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಚೆನ್ನಾಗಿ ಆಡುತ್ತಿದ್ದ ಎಷ್ಟೋ ಮಕ್ಕಳು ಹತ್ತನೇ ಕ್ಲಾಸ್ ಬಂದ ಕೂಡಲೇ ಸ್ಟಿಕ್ ಕೆಳಗಿಟ್ಟಿದ್ದನ್ನು ನೋಡಿದ್ದೇನೆ. 'ಇದರಿಂದ ಏನು ಬರುತ್ತೆ ಸಾರ್' ಅಂತ ಅವರ ತಂದೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ರಿಂಗ್ ಬದುಕನ್ನು ತಿಳಿದುಕೊಳ್ಳುವಾಗ ಆ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಈ ಮನುಷ್ಯನಿಗೆ ಆಟದಿಂದ ದುಡ್ಡು ಬರಲೇ ಇಲ್ಲ. ಆದರೂ 42ನೇ ವಯಸ್ಸಿನಲ್ಲಿ, 1963ರಲ್ಲಿ, ಕಾರ್ಕ್ ಸೇರಿರುವ ಮನ್‌ಸ್ಟರ್ ಪ್ರಾಂತ್ಯಕ್ಕೆ ಆಡಿ ಪ್ರಾಂತ್ಯಗಳ ನಡುವಿನ ರೈಲ್ವೇ ಕಪ್ ಪಂದ್ಯಾವಳಿಯ 18ನೇ ಪದಕ ಗೆದ್ದರು. ಹದಿನೆಂಟು! ಆ ಪಂದ್ಯಾವಳಿಯ ಫೈನಲ್ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ ನಡೆಯುತ್ತಿತ್ತು. ರಿಂಗ್ ಬಿಟ್ಟ ಮೇಲೆ ಅದಕ್ಕೆ ಜನ ಬರುವುದೇ ಕಡಿಮೆಯಾಯಿತಂತೆ.

ಪ್ರಶ್ನೆ: ಅವರ ಅತಿ ದೊಡ್ಡ ಗೆಲುವು ಯಾವುದು?
– ನಿವೃತ್ತ ಅಂಚೆ ನೌಕರರು, ಮೈಸೂರು

ಉತ್ತರ: ನೀವು ಗೆಲುವು ಕೇಳಿದಿರಿ. ನಾನು ಒಂದು ಸೋಲಿನ ಬಗ್ಗೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

1956. ರಿಂಗ್‌ಗೆ ಆಗಲೇ 35 ಮುಗಿಯುತ್ತಿತ್ತು. ಕೈಯಲ್ಲಿ 8 ಪದಕ. ಒಂಬತ್ತನೆಯದು ಅಲ್ಲಿಯವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಮನ್‌ಸ್ಟರ್ ಫೈನಲ್‌ನಲ್ಲಿ ಲಿಮರಿಕ್ ತಂಡ ಗೆದ್ದೇಬಿಟ್ಟಿತು ಅನ್ನುವಾಗ ಕೊನೆಯ ಹೊತ್ತಿನಲ್ಲಿ ಅವರು ಒಂದರ ಹಿಂದೆ ಒಂದು 3 ಗೋಲು ಹೊಡೆದು ಕಾರ್ಕ್‌ಗೆ ಆಟ ತಂದುಕೊಟ್ಟರು. ಮುಂದೆ ಅಖಿಲ ಐರ್ಲೆಂಡ್ ಫೈನಲ್. ಎದುರಿಗೆ ವೆಕ್ಸ್‌ಫರ್ಡ್. ಆ ವರ್ಷ ಕಾರ್ಕ್‌ನಲ್ಲಿ ಪೋಲಿಯೋ ಹರಡಿತ್ತು. ಹಾಗಾಗಿ ಸೆಪ್ಟೆಂಬರ್ ಮೊದಲ ವಾರ ನಡೆಯಬೇಕಾದ ಪಂದ್ಯ 23ನೇ ತಾರೀಕಿಗೆ ಹೋಯಿತು. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ 83 ಸಾವಿರಕ್ಕೂ ಜಾಸ್ತಿ ಜನ.

ಪಂದ್ಯ ಮುಗಿಯಲು ಕೆಲವೇ ನಿಮಿಷ. ವೆಕ್ಸ್‌ಫರ್ಡ್ 2 ಅಂಕ ಮುಂದೆ. ಒಂದು ಗೋಲು ಬಿದ್ದರೆ ಕಾರ್ಕ್ ಮುಂದಾಗುತ್ತದೆ. ಚೆಂಡು ರಿಂಗ್ ಕೈಗೆ ಬಂತು. ಓಡಿದರು, ಜಾಗ ಸಿಕ್ಕಿತು, ಹೊಡೆದರು. ಇಡೀ ಬಯಲು ಗೋಲು ಅಂದುಕೊಂಡಿತು. ವೆಕ್ಸ್‌ಫರ್ಡ್‌ನ ಗೋಲ್‌ಕೀಪರ್ ಆರ್ಟ್ ಫೋಲಿ ಸಣ್ಣ ಆಳು. ಅವರು ಅದನ್ನು ತಡೆದರು. ಮೇಲಕ್ಕೆ ಪುಟಿದ ಚೆಂಡನ್ನು ಹಿಡಿದು ದೂರಕ್ಕೆ ಹೊಡೆದರು. ಅದೇ ಚೆಂಡು ಆ ಕಡೆ ಹೋಗಿ ನಿಕಿ ರ‍್ಯಾಕರ್ಡ್ ಕೋಲಿನಿಂದ ಗೋಲಾಯಿತು. ವೆಕ್ಸ್‌ಫರ್ಡ್ 2-14, ಕಾರ್ಕ್ 2-8. ಒಂಬತ್ತನೇ ಪದಕ ರಿಂಗ್‌ಗೆ ಕೊನೆಗೂ ಸಿಗಲಿಲ್ಲ. ಮುಂದೆ ಅವರು ಇನ್ನೊಂದು ಅಖಿಲ ಐರ್ಲೆಂಡ್ ಫೈನಲ್ ಆಡಲೇ ಇಲ್ಲ.

ಫೋಲಿ ಚೆಂಡು ತಡೆದಾಗ ರಿಂಗ್ ಏನು ಮಾಡಿದರು ಗೊತ್ತಾ? ನೇರ ಹೋಗಿ ಆ ಗೋಲ್‌ಕೀಪರ್ ಕೈ ಕುಲುಕಿದರು. ಪಂದ್ಯ ಮುಗಿದ ಮೇಲೆ ವೆಕ್ಸ್‌ಫರ್ಡ್‌ನ ಬಾಬಿ ರ‍್ಯಾಕರ್ಡ್ ಮತ್ತು ನಿಕ್ ಓಡೊನೆಲ್, ಇಬ್ಬರೂ ಗೆದ್ದ ತಂಡದವರು, ಸೋತ ರಿಂಗ್ ಅವರನ್ನು ಹೆಗಲ ಮೇಲೆ ಹೊತ್ತುಕೊಂಡು ಬಯಲಿನಿಂದ ಹೊರಗೆ ಬಂದರು. ಗೆದ್ದದ್ದು ಅವರು, ಕಪ್ ಅವರದ್ದು. ಮೆರೆಸಿದ್ದು ಮಾತ್ರ ಎದುರಾಳಿಯನ್ನು. ನನ್ನ ಇಷ್ಟು ವರ್ಷದ ಆಟದ ಓದಿನಲ್ಲಿ ಇಂಥದ್ದು ಮತ್ತೊಂದು ನನಗೆ ಸಿಕ್ಕಿಲ್ಲ. ಈ ಸಾಲು ಬರೆಯುವಾಗಲೂ ಗಂಟಲು ಕಟ್ಟುತ್ತಿದೆ.

ಪ್ರಶ್ನೆ: ಅವರ ದಾಖಲೆ ಈಗಲೂ ಹಾಗೇ ಇದೆಯಾ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ಟಿಪರರಿಯ ಜಾನ್ ಡಾಯಲ್ 1965ರಲ್ಲಿ 8 ಪದಕದ ಸಮ ಬಂದರು. ಕಿಲ್ಕೆನಿಯ ಹೆನ್ರಿ ಶೆಫ್ಲಿನ್ 2014ರ ಹೊತ್ತಿಗೆ 10 ಗೆದ್ದರು. ರಿಂಗ್ ಇದ್ದಿದ್ದರೆ ಸಂತೋಷಪಡುತ್ತಿದ್ದರು ಅಂತ ನನ್ನ ನಂಬಿಕೆ. ಒಳ್ಳೆಯ ಆಟಗಾರರೆಲ್ಲ ಹಳೇ ಕಾಲದವರು ಅಂತ ಯಾರೂ ಹೇಳಬಾರದು, ಈಗಲೂ ಇದ್ದಾರೆ, ಇನ್ನೂ ಒಳ್ಳೆಯವರು ಬರುತ್ತಾರೆ ಅಂತ ಅವರೇ ಹೇಳಿದ್ದರು. 1976ರಿಂದ 1978ರವರೆಗೆ ಕಾರ್ಕ್ ಸತತ ಮೂರು ವರ್ಷ ಗೆದ್ದಾಗ ಆಯ್ಕೆಗಾರರಲ್ಲಿ ಅವರೂ ಒಬ್ಬರು.

ಪ್ರಶ್ನೆ: ನಾನು ಹಾಕಿ ಕೋಚ್. ರಿಂಗ್ ಹೇಗೆ ಅಭ್ಯಾಸ ಮಾಡುತ್ತಿದ್ದರು? ಆ ಕೋಲು ನಮ್ಮ ಸ್ಟಿಕ್ ಥರವೇ ಇರುತ್ತಾ? ನೀವು ಅವರ ಊರು ನೋಡಿದ್ದೀರಾ?
– ಕೋಚ್, ಮಡಿಕೇರಿ

ಉತ್ತರ: ನೋಡಿದ್ದೇನೆ. ಮೊದಲು ಕೋಲಿನ ವಿಷಯ.

ಮಗಳ ಮನೆಯ ಹತ್ತಿರ ಒಂದು ಪಾರ್ಕ್ ಇತ್ತು. ಸಂಜೆ ಅಲ್ಲಿಗೆ ಬರುತ್ತಿದ್ದ ಒಬ್ಬ ಹಿರಿಯರು ಮೊಮ್ಮಗನನ್ನು ಆಡಿಸುತ್ತಿದ್ದರು. ನಾನು ನೋಡುತ್ತಾ ನಿಂತಿದ್ದು ಕಂಡು ಒಂದು ದಿನ ಕೋಲನ್ನು ನನ್ನ ಕೈಗೇ ಕೊಟ್ಟರು. ಅವರ ಐರಿಷ್ ಭಾಷೆಯಲ್ಲಿ ಅದಕ್ಕೆ 'ಕಮಾನ್' ಅನ್ನುತ್ತಾರೆ. ನಮ್ಮ ಕಮಾನಿಗೂ ಅದಕ್ಕೂ ನಂಟಿಲ್ಲ, ಆದರೆ ಅಲ್ಲೂ ಆ ಪದದ ಬೇರು 'ಬಾಗಿದ್ದು' ಅಂತಲೇ. ಕೇಳಿ ಮೈ ಜುಮ್ಮೆಂದಿತು. ಅದು ಆ್ಯಶ್ ಮರದ್ದು. ಮರದ ಬುಡ ಬೇರಿನ ಕಡೆ ತಿರುಗುವ ಜಾಗದಿಂದಲೇ ಕಡಿಯುತ್ತಾರೆ. ಆಗ ಮರದ ಎಳೆ ತಾನಾಗಿಯೇ ಕೋಲಿನ ಬಾಗಿನ ಜೊತೆ ಬಾಗಿರುತ್ತದೆ, ಹೊಡೆತಕ್ಕೆ ಸೀಳುವುದಿಲ್ಲ. ನಮ್ಮೂರಿನ ಬಡಗಿ ನೇಗಿಲಿಗೆ ಹುಟ್ಟಾ ಬಾಗಿದ ಕೊಂಬೆಯನ್ನೇ ಹುಡುಕಿ ಅಲೆಯುತ್ತಿದ್ದದ್ದು ನೆನಪಾಯಿತು. ತುದಿಯ ಅಗಲ ಜಾಗಕ್ಕೆ ತಗಡಿನ ಪಟ್ಟಿ ಸುತ್ತಿ ಮೊಳೆ ಹೊಡೆದಿದ್ದರು. 2012ರಿಂದ ಅಲ್ಲಿ ಆ್ಯಶ್ ಮರಗಳಿಗೆ ಶಿಲೀಂಧ್ರದ ರೋಗ ಬಂದು ಒಣಗುತ್ತಿವೆ. ಒಳ್ಳೆಯ ಮರ ಸಿಗುವುದೇ ಕಷ್ಟ ಅಂತ ಆ ಹಿರಿಯರು ಮನೆಯವರ ಕಾಯಿಲೆ ಹೇಳಿಕೊಂಡ ಹಾಗೆ ಹೇಳಿದರು.

ಒಂದು ಚೆಂಡು ಹೊಡೆದೆ. ಚೆನ್ನಾಗಿ ತಾಗಿದಾಗ ಬೆರಳ ತುದಿಯಲ್ಲಿ ಒಂದು ಮಿಡಿತ ಬರುತ್ತದೆ. ನಿಮಗೆ ಹಾಕಿಯಲ್ಲಿ ಗೊತ್ತಿರುವುದೇ, ಅದಕ್ಕಿಂತ ಹರಿತ. ಆ ಮಿಡಿತದ ಮಾತನ್ನೇ ರಿಂಗ್ ಅವರ ಸಮಾಧಿಯ ಮುಂದೆ ಜ್ಯಾಕ್ ಲಿಂಚ್ ಆಡಿದ್ದರು. ಲಿಂಚ್ ಆಗ ಐರ್ಲೆಂಡಿನ ಪ್ರಧಾನಿ. ಅದಕ್ಕೂ ಮೊದಲು ರಿಂಗ್ ಜೊತೆ ಕಾರ್ಕ್ ತಂಡದಲ್ಲಿ ಆಡಿದವರು. 1979ರ ಮಾರ್ಚ್ 2ರಂದು ರಿಂಗ್ ಕಾರ್ಕ್ ನಗರದ ಬೀದಿಯಲ್ಲಿ ನಡೆಯುತ್ತಿದ್ದಾಗಲೇ ಹೃದಯಾಘಾತವಾಗಿ ಹೋಗಿಬಿಟ್ಟರು. 58 ವರ್ಷ, ಅಷ್ಟೇ. ಹುಡುಗರು ಕೋಲು ಚೆಂಡಿಗೆ ತಾಗುವಾಗ ಬೆರಳಲ್ಲಿ ಏಳುವ ಆ ಮಿಡಿತಕ್ಕಾಗಿ ಕೋಲು ಬೀಸುವ ತನಕ ರಿಂಗ್ ಕಥೆ ಹೇಳುತ್ತಲೇ ಇರುತ್ತಾರೆ ಅನ್ನುವ ಅರ್ಥದ ಮಾತು ಲಿಂಚ್ ಅವರದ್ದು.

ಅಭ್ಯಾಸ ಕೇಳಿದಿರಿ. ರಿಂಗ್ ಒಬ್ಬರೇ ಗಂಟೆಗಟ್ಟಲೆ ಚೆಂಡು ಹೊಡೆಯುತ್ತಿದ್ದರು. ಕುಡಿತದ ಹತ್ತಿರ ಹೋದವರಲ್ಲ. ಎಡಕ್ಕೂ ಬಲಕ್ಕೂ ಒಂದೇ ಜೋರು. ಲಾರಿ ಕೆಲಸದ ನಡುವೆ ಬಿಡುವು ಸಿಕ್ಕರೂ ಕೋಲು ಕೈಗೆ ಬರುತ್ತಿತ್ತು ಅಂತ ಪಾರ್ಕಿನ ಹಿರಿಯರು ಹೇಳಿದರು. ನಿಮ್ಮ ಮಕ್ಕಳಿಗೆ ಇದರಲ್ಲಿ ಬೇರೆ ಗುಟ್ಟು ಹುಡುಕಬೇಡಿ. ಒಂದು ಗೋಡೆ, ಒಂದು ಚೆಂಡು ಕೊಡಿ. ತಂಡದ ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ಅವರಷ್ಟಕ್ಕೆ ಬಿಡಿ. ನಿಂತು ಸಲಹೆ ಕೊಡಬೇಡಿ, ಸುಮ್ನೆ ದೂರ ಕೂತಿರಿ. ಕೈಲಾಗದ ಕಡೆಯಿಂದಲೇ ಮೊದಲು ಹೊಡೆಯಲಿ.

ಕ್ಲಾಯ್ನ್‌ಗೆ ನಾವು ಹೋದದ್ದು ಒಂದು ಶನಿವಾರ. ಕಾರ್ಕ್‌ನಿಂದ ಮಿಡಲ್ಟನ್‌ವರೆಗೆ ರೈಲು, ಅಲ್ಲಿಂದ ಕಾರು. ಡಬ್ಲಿನ್‌ನ ಅಮ್ಮ, ನೀವೂ ರಜೆಯಲ್ಲಿ ಮಗನನ್ನು ಕರೆದುಕೊಂಡು ಹೋಗಿ. ಊರು ತೀರಾ ಚಿಕ್ಕದು. ಹಳೇ ಚರ್ಚು, ಅದರ ಎದುರಿಗೆ ಕಲ್ಲಿನ ಎತ್ತರದ ದುಂಡು ಗೋಪುರ. ಅಲ್ಲೇ ರಿಂಗ್ ಅವರ ಆಳೆತ್ತರದ ಪ್ರತಿಮೆ ಇದೆ, 1983ರಲ್ಲಿ ನಿಲ್ಲಿಸಿದ್ದು. ಕೈಯಲ್ಲಿ ಕೋಲು. ನಾನು ಚಪ್ಪಲಿ ಬಿಟ್ಟು ನಿಂತೆ. ಮಗಳು 'ಅಪ್ಪಾ, ಚಳಿ' ಅಂದಳು. ಅಲ್ಲಿಂದ ಸ್ವಲ್ಪ ಮುಂದೆ ಒಂದು ಗೋಡೆಗೆ ಹುಡುಗಿಯೊಬ್ಬಳು ಚೆಂಡು ಹೊಡೆಯುತ್ತಿದ್ದಳು. ಎಂಟೊಂಬತ್ತು ವರ್ಷ ಇರಬಹುದು. ಹೆಲ್ಮೆಟ್ ಹಾಕಿದ್ದಳು. ಬರೀ ಎಡಗಡೆಯಿಂದ ಹೊಡೆಯುತ್ತಿದ್ದಳು, ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು. ಓಡಿ ಹೋಗಿ ತಂದು ಮತ್ತೆ ಅದೇ ಕಡೆಯಿಂದ ಹೊಡೆಯುತ್ತಿದ್ದಳು. ನಾವು ವಾಪಸ್ ಕಾರು ಹತ್ತುವಾಗಲೂ ಆ ಸದ್ದು ಕೇಳುತ್ತಿತ್ತು.