ಉಂಡದ್ದೆಲ್ಲ ಎಲ್ಲಿ ಹೋಗುತ್ತದೆ?

ಪ್ರಶ್ನೆ: ನಮ್ಮ ಮಾವನವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ನಾಲ್ಕೇ ತಿಂಗಳಲ್ಲಿ 64 ಕೆಜಿಯಿಂದ 55ಕ್ಕೆ ಇಳಿದಿದ್ದಾರೆ. ಕಟ್ಟಿದ ವಾಚು ಮೊಣಕೈವರೆಗೂ ಜಾರುತ್ತದೆ. ಹೊತ್ತುಹೊತ್ತಿಗೆ ಊಟ ಕೊಡುತ್ತಿದ್ದೇನೆ. ಆದರೂ ಬಂದವರೆಲ್ಲ ‘ಸೊಸೆ ಸರಿಯಾಗಿ ನೋಡಿಕೊಳ್ತಿಲ್ವಾ?’ ಎನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ಸಕ್ಕರೆ ನಿಲ್ಲಿಸಿದರೆ ಗಡ್ಡೆ ಸಾಯುತ್ತದಂತೆ, ನಿಜವೇ?

ಉತ್ತರ: ಬಂದವರು ನೋಡಿಕೊಂಡು ಹೋಗಲಿ ಬಿಡಿ. ತಪ್ಪು ನಿಮ್ಮದಲ್ಲ.

ಉಪವಾಸದಲ್ಲಿ ಸೊರಗುವುದೇ ಬೇರೆ, ಇದೇ ಬೇರೆ. ಊಟ ಸಿಗದಿದ್ದಾಗ ದೇಹ ಖರ್ಚು ತಗ್ಗಿಸುತ್ತದೆ. ಕೊಬ್ಬು ಕರಗಿಸಿ ಮಾಂಸಖಂಡ ಉಳಿಸಲು ನೋಡುತ್ತದೆ. ಇಲ್ಲಿ ಆ ಜಾಣತನವೇ ಕೆಟ್ಟಿರುತ್ತದೆ. ಗಡ್ಡೆಯಿಂದಲೂ ಅದರ ಮೇಲೆ ಎದ್ದ ನಮ್ಮದೇ ರಕ್ಷಣಾ ಪಡೆಯಿಂದಲೂ ಕೆಲವು ರಾಸಾಯನಿಕಗಳು ರಕ್ತಕ್ಕೆ ಸೇರಿ ಮಾಂಸಖಂಡವನ್ನು ಕರಗಿಸುತ್ತವೆ, ಹಸಿವನ್ನೂ ಕೊಲ್ಲುತ್ತವೆ. ನಾವು ಇದನ್ನು ಕ್ಯಾಕೆಕ್ಸಿಯಾ ಎನ್ನುತ್ತೇವೆ. ಆರು ತಿಂಗಳಲ್ಲಿ ಶೇ 5ಕ್ಕಿಂತ ಜಾಸ್ತಿ ತೂಕ ಇಳಿದರೇ ಇದನ್ನು ಅನುಮಾನಿಸಬೇಕು. ನಿಮ್ಮವರದು ಶೇ 14. ಹೆಬ್ಬೆರಳು, ತೋರುಬೆರಳಿನ ನಡುವಿನ ಮಾಂಸ ಮುಟ್ಟಿ ನೋಡಿ. ಮಾಂಸ ಕರಗಿದ್ದರೆ ಅಲ್ಲಿ ಗುಳಿ ಬಿದ್ದಿರುತ್ತದೆ. ನಾನು ರೋಗಿಯ ಕೈ ಹಿಡಿದಾಗ ಮೊದಲು ಅಲ್ಲೇ ಒತ್ತುತ್ತೇನೆ. ಹೊಟ್ಟೆಯಲ್ಲಿ ನೀರು ತುಂಬಿದರೆ ತೂಕದ ಯಂತ್ರ ಸುಳ್ಳು ಹೇಳೀತು, ಆ ಗುಳಿ ಹೇಳುವುದಿಲ್ಲ.

ಇನ್ನು ಸಕ್ಕರೆ. ಗಡ್ಡೆಯ ಜೀವಕೋಶ ಮಹಾ ದುಂದುಗಾರ. ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಆಮ್ಲಜನಕ ಇದ್ದರೂ ಅದು ಗ್ಲೂಕೋಸನ್ನು ಅರ್ಧಂಬರ್ಧ ಬಳಸಿ, ಲ್ಯಾಕ್ಟೇಟ್ ಮಾಡಿ ಆಚೆ ಎಸೆಯುತ್ತದೆ. ಎಟಿಪಿ ಎಂದರೆ ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಚಿಲ್ಲರೆ ಕಾಸು ಅಂದುಕೊಳ್ಳಿ. ಒಂದು ಗ್ಲೂಕೋಸ್ ಕಣವನ್ನು ಪೂರ್ತಿ ಬಳಸಿದ್ದರೆ ಸುಮಾರು 30 ಸಿಗುತ್ತಿತ್ತು, ಹೀಗೆ ಸಿಗುವುದು ಬರೀ 2. ಎಸೆದ ಲ್ಯಾಕ್ಟೇಟನ್ನು ಲಿವರ್ ಹೆಕ್ಕಿ, 6 ಎಟಿಪಿ ಕೈಯಿಂದ ಹಾಕಿ, ಮತ್ತೆ ಗ್ಲೂಕೋಸ್ ಮಾಡುತ್ತದೆ. ಗಡ್ಡೆ ಅದನ್ನೂ ಎಳೆದುಕೊಳ್ಳುತ್ತದೆ. ಗಳಿಕೆ ಗಡ್ಡೆಗೆ, ಸಾಲ ಮಾವನವರಿಗೆ!

ಸಕ್ಕರೆ ನಿಲ್ಲಿಸಿದರೂ ಲಿವರ್ ಸುಮ್ನಿರುವುದಿಲ್ಲ. ಮಾಂಸಖಂಡದ ಪ್ರೋಟೀನನ್ನೇ ಒಡೆದು ಗ್ಲೂಕೋಸ್ ಮಾಡುತ್ತದೆ. ಗಡ್ಡೆಗೆ ಕೊರತೆಯಾಗುವುದಿಲ್ಲ, ಇವರು ಮಾತ್ರ ಇನ್ನಷ್ಟು ಸೊರಗುತ್ತಾರೆ. ಸಕ್ಕರೆ ಕಾಯಿಲೆಯೂ ಇದ್ದರೆ ಮಾತು ಬೇರೆ, ಅದನ್ನು ವೈದ್ಯರ ಹತ್ತಿರವೇ ಕೇಳಿ. ಇಲ್ಲವಾದರೆ ಬಾಯಿಗೆ ಹಿಡಿಸಿದ್ದನ್ನು ಸ್ವಲ್ಪಸ್ವಲ್ಪವೇ, ಆಗಾಗ ಕೊಡಿ. ಬೇಡ ಅಂದರೆ ತಟ್ಟೆ ಎತ್ತಿಬಿಡಿ. ‘ಇನ್ನೊಂದು ತುತ್ತು’ ಅಂತ ಗೋಗರೆದರೆ ಇಬ್ಬರ ಕಣ್ಣಲ್ಲೂ ನೀರು, ಅಷ್ಟೇ.

ಒಂದು ವಿಷಯ ನೀವು ಬರೆದಿಲ್ಲ. ಮಲ ಎಣ್ಣೆ ಎಣ್ಣೆಯಾಗಿ ನೀರಿನ ಮೇಲೆ ತೇಲುತ್ತದೆಯೇ? ಹಾಗಿದ್ದರೆ ಮೇದೋಜೀರಕದಿಂದ ಬರುವ ಜೀರ್ಣರಸ ಸಾಲುತ್ತಿಲ್ಲ, ತಿಂದ ಕೊಬ್ಬು ಹಾಗೇ ಹೊರಗೆ ಹೋಗುತ್ತಿದೆ. ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲ್ ಇದೆ. ಮುಂದಿನ ಸಲ ಹೋದಾಗ ಮೊದಲು ಅದನ್ನೇ ಕೇಳಿ.