ಗಂಟೆಯ ಸದ್ದಿಗೆ ಏಳಬೇಕಾದವರು ಯಾರು?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೂರನೆಯ ಸಲ ಓದುವ ಹೊತ್ತಿಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬರೆದವರು ನಲವತ್ತೈದು ದಾಟಿದ ಗೃಹಿಣಿ, ಚಿಕ್ಕಂದಿನಿಂದ ಕ್ರೈಸ್ತ ಸಭೆಯ ಮಡಿಲಲ್ಲೇ ಬೆಳೆದವರು. ಮಗನಿಗೆ ಕೆಲಸ ಸಿಗುತ್ತದೋ ಇಲ್ಲವೋ, ಗಂಡನ ರಕ್ತದೊತ್ತಡ ಏರಿತೋ ಏನೋ ಎಂದು ಅವರಿಗೆ ಈಗ ಕೆಲವು ತಿಂಗಳಿಂದ ಎಲ್ಲದರ ಚಿಂತೆ. ರಾತ್ರಿ ಎದೆ ಬಡಿದುಕೊಳ್ಳುತ್ತದೆ, ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಹೊರಡುವುದಿಲ್ಲ. ಇದನ್ನು ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡಾಗ ಅಲ್ಲಿನ ಹಿರಿಯ ಸಹೋದರಿಯೊಬ್ಬರು, "ಚಿಂತೆ ಮಾಡುವುದೇ ಪಾಪ, ನಿಮ್ಮ ವಿಶ್ವಾಸದಲ್ಲೇ ಎಲ್ಲೋ ಕೊರತೆಯಿದೆ" ಎಂದರಂತೆ. ಅಂದಿನಿಂದ, ಚಿಂತಿಸುತ್ತಿದ್ದೇನಲ್ಲಾ ಎಂಬ ಚಿಂತೆಯೂ ಸೇರಿಕೊಂಡಿದೆ. ವಿಶ್ವಾಸವನ್ನು ಸರಿಪಡಿಸಿಕೊಳ್ಳಲು ಬೈಬಲಿನ ಯಾವ ವಚನಗಳನ್ನು ಧ್ಯಾನಿಸಬೇಕು ಎಂಬುದು ಅವರ ಪ್ರಶ್ನೆ.

ಸಹೋದರಿ, ವಚನಗಳ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮ ಪತ್ರದ ಎರಡನೆಯ ಪುಟದ ಕೊನೆಯಲ್ಲಿ, ಆವರಣ ಚಿಹ್ನೆಯೊಳಗೆ, ಬರೆಯದಿದ್ದರೂ ನಡೆದೀತು ಎಂಬಂತೆ ನೀವು ಬರೆದಿರುವುದನ್ನು ಮತ್ತೊಮ್ಮೆ ಓದಿಕೊಳ್ಳಿ. ಅತ್ತೆಯವರು ಹಾಸಿಗೆ ಹಿಡಿದು ಹತ್ತು ತಿಂಗಳಾಯಿತು. ಅಂದಿನಿಂದ ನೀವು ಮಲಗುವುದು ಅವರ ಕೋಣೆಯ ಬಾಗಿಲಿಗೆ ಒತ್ತಿ ಹಾಸಿದ ಚಾಪೆಯ ಮೇಲೆ. ಕರೆಯುವುದಕ್ಕೆಂದು ಅವರ ಕೈಗೆಟಕುವಲ್ಲಿ ಒಂದು ಹಿತ್ತಾಳೆಯ ಗಂಟೆ ಇದೆ. ರಾತ್ರಿ ನಾಲ್ಕೈದು ಸಲ ಅದು ಬಾರಿಸುತ್ತದೆ. ಈಚೀಚೆಗೆ ಬಾರಿಸದಿದ್ದರೂ ಬಾರಿಸಿದ ಹಾಗೆ ಕೇಳಿಸಿ ನೀವು ಧಿಗ್ಗನೆ ಎದ್ದು ಕೂರುತ್ತೀರಿ. ಇಷ್ಟು ಬರೆದು, "ಅದು ಬೇರೆ ವಿಷಯ" ಎಂದು ಆವರಣ ಮುಚ್ಚಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿರುವ ವಿಷಯವೇ ಅದೊಂದು.

ನಿದ್ದೆಗೆಟ್ಟವರೊಂದಿಗೆ ದೇವಶಾಸ್ತ್ರ ಮಾತಾಡಬಾರದು ಎಂಬ ನನ್ನ ಹಠ ಈ ಅಂಕಣದ ಓದುಗರಿಗೆ ಹೊಸದಲ್ಲ, ಮತ್ತು ಅದನ್ನು ನಾನು ಕಲಿತದ್ದು ಬೈಬಲಿನಿಂದಲೇ. ಮೊದಲನೆಯ ಅರಸುಗಳ ಗ್ರಂಥದ 19ನೆಯ ಅಧ್ಯಾಯವನ್ನು ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದ ಪ್ರವಾದಿ ಎಲೀಯನು ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಅಡವಿಗೆ ಓಡುತ್ತಾನೆ, ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಅವನ ಬಳಿಗೆ ಬಂದ ದೇವದೂತನು ವಿಶ್ವಾಸದ ಕೊರತೆಯ ಮಾತನ್ನು ಎತ್ತುವುದೇ ಇಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ ಕೊಡುತ್ತಾನೆ, ನೀರು ಕೊಡುತ್ತಾನೆ, ಪ್ರವಾದಿ ಪುನಃ ಮಲಗಿದರೆ ಮಲಗಲು ಬಿಡುತ್ತಾನೆ, ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸುತ್ತಾನೆ. "ಎಲೀಯನೇ, ಇಲ್ಲೇನು ಮಾಡುತ್ತೀ?" ಎಂಬ ದೇವರ ಪ್ರಶ್ನೆ ಬರುವುದು ಅದಾದ ಮೇಲೆ, ಅವನು 40 ದಿನ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ ನಂತರ. ನಿಮ್ಮ ಕೂಟದ ಹಿರಿಯ ಸಹೋದರಿ ಆ ಪ್ರಶ್ನೆಯನ್ನು ರೊಟ್ಟಿಗಿಂತ ಮೊದಲೇ ಕೇಳಿಬಿಟ್ಟರು.

ಅವರು ಹೇಳಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ 6ನೆಯ ವಚನವನ್ನು ಮನಸ್ಸಿನಲ್ಲಿಟ್ಟುಕೊಂಡು ಇರಬೇಕು. ಯಾವ ವಿಷಯಕ್ಕೂ ಚಿಂತಿಸಬೇಡಿರಿ ಎಂದು ಸೆರೆಯಲ್ಲಿದ್ದ ಯೇಸುವಿನ ಅಪೊಸ್ತಲ ಪೌಲನು ಬರೆದದ್ದು ನಿಜ. ಅದೇ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ, ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ ಎಂದು ಹೇಳಿ, ಅದರ ಬೆನ್ನಿಗೇ ಎಲ್ಲಾ ಸಭೆಗಳ ಚಿಂತೆ ದಿನದಿನವೂ ತನ್ನ ಮೇಲಿದೆ ಎನ್ನುತ್ತಾನೆ. ಮೂಲ ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಧಾತುವಿನಿಂದ ಹುಟ್ಟಿದ ಪದವಿದೆ. ಚಿಂತೆ ಇದ್ದಮಾತ್ರಕ್ಕೆ ವಿಶ್ವಾಸವಿಲ್ಲ ಎಂದಾದರೆ ಮೊದಲು ಸಭೆಯಿಂದ ಹೊರಗೆ ನಿಲ್ಲಬೇಕಾದವನು ಪೌಲನೇ. ಪ್ರಾರ್ಥನೆಗೆ ಮಾತು ಬರುವುದಿಲ್ಲ ಎಂದು ಅಳುಕಬೇಡಿ. ಮಾತಿಗೆ ನಿಲುಕದ ನರಳಾಟದಿಂದ ಪವಿತ್ರಾತ್ಮನೇ ನಮಗೋಸ್ಕರ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದವನೂ ಅವನೇ.

ಆ ಸಹೋದರಿಯನ್ನು ಇಲ್ಲಿಗೆ ಬಿಡುತ್ತೇನೆ, ಏಕೆಂದರೆ ನನ್ನ ಸಿಟ್ಟು ಅವರ ಮೇಲಲ್ಲ. "ನನ್ನ ಯಜಮಾನರು ತುಂಬಾ ಒಳ್ಳೆಯವರು, ಬೆಳಿಗ್ಗೆ ನನ್ನ ಮುಖ ನೋಡಿ, ಭಾರವನ್ನು ಕರ್ತನ ಮೇಲೆ ಹಾಕು ಎಂದು ಧೈರ್ಯ ಹೇಳುತ್ತಾರೆ" ಎಂದು ಬರೆದಿದ್ದೀರಿ. ಬೆಳಿಗ್ಗೆ ಹೇಳುತ್ತಾರೆ, ರಾತ್ರಿಯಿಡೀ ನಿದ್ದೆ ಮಾಡಿದ ಮೇಲೆ. ಅವರು ಹೇಳುವುದು 55ನೆಯ ಕೀರ್ತನೆಯ 22ನೆಯ ವಚನ. ಅದೇ ಕೀರ್ತನೆಯ 6ನೆಯ ವಚನದಲ್ಲಿ, ಅದನ್ನು ಹಾಡಿದ ಮನುಷ್ಯನೇ, ಪಾರಿವಾಳದ ಹಾಗೆ ರೆಕ್ಕೆಯಿದ್ದಿದ್ದರೆ ಹಾರಿಹೋಗಿ ವಿಶ್ರಮಿಸಿಕೊಳ್ಳುತ್ತಿದ್ದೆನಲ್ಲಾ ಎಂದು ಹಲುಬಿದ್ದನ್ನು ಅವರು ಓದಿಲ್ಲವೇ? ವಚನದ ತುಂಡನ್ನು ಇನ್ನೊಬ್ಬರ ಕೈಗೆ ಕೊಟ್ಟು ತಾವು ಹಗುರಾಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಯೇಸುವಿಗೂ ಆಗುತ್ತಿರಲಿಲ್ಲ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ, ತಂದೆತಾಯಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈ ತೊಳೆದುಕೊಳ್ಳುವುದನ್ನು ಆತನು ಖಂಡಿಸಿದ್ದು ಎಷ್ಟು ಖಾರವಾಗಿದೆ ನೋಡಿ. ದೇವರ ಹೆಸರನ್ನು ಮುಂದಿಟ್ಟುಕೊಂಡು ತಾಯಿಯ ಆರೈಕೆಯಿಂದ ತಪ್ಪಿಸಿಕೊಳ್ಳುವ ಉಪಾಯಕ್ಕೆ ಎರಡು ಸಾವಿರ ವರ್ಷ ವಯಸ್ಸಾಗಿದೆ.

ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ 2ನೆಯ ವಚನವು ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕು ಎನ್ನುತ್ತದೆ. ನಿಮ್ಮ ಯಜಮಾನರು ಅದಕ್ಕೆ ಉತ್ತರವಾಗಿ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂಬ 5ನೆಯ ವಚನವನ್ನು ತೋರಿಸಿದರೆ ಇನ್ನೂ ಒಳ್ಳೆಯದಾಯಿತು. ಅತ್ತೆ ಅವರ ತಾಯಿ. ಆ ವೃದ್ಧೆಯ ಮೇಲೆ ನನಗೆ ಯಾವ ದೂರೂ ಇಲ್ಲ. ನೋವಿದ್ದವರು ಗಂಟೆ ಬಾರಿಸಲೇಬೇಕು.

ಆದ್ದರಿಂದ ನಾನು ಹೇಳುವುದು ಒಂದೇ ಕೆಲಸ. ಇಂದು ರಾತ್ರಿ ಆ ಚಾಪೆಯ ಮೇಲೆ ನಿಮ್ಮ ಯಜಮಾನರ ಹಾಸಿಗೆ ಬಿಡಿಸಿ, ನೀವು ಮನೆಯ ಆ ತುದಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿ. ಒಂದು ವಾರ ಹೀಗೆಯೇ ನಡೆಯಲಿ. ಆಮೇಲೆ ಸರದಿ ಹಾಕಿಕೊಳ್ಳಿ. ಹೊಟ್ಟೆತುಂಬ ನಿದ್ದೆ ಮಾಡಿದ ಮೇಲೂ ಎದೆಬಡಿತ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಿ, ಅದರಲ್ಲಿ ಅವಿಶ್ವಾಸವೇನೂ ಇಲ್ಲ. ಪೌಲನ ಜೊತೆಯಲ್ಲಿದ್ದ ಲೂಕನು ವೈದ್ಯನೇ ಆಗಿದ್ದನು.

ಮೊದಲ ರಾತ್ರಿ ಗಂಟೆಯ ಸದ್ದಿಗೆ ನಿಮಗೆ ಎಚ್ಚರವಾಗುತ್ತದೆ. ಆಗ ಬೇಕಾದರೆ, ಇಸ್ರಾಯೇಲನ್ನು ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂಬ 121ನೆಯ ಕೀರ್ತನೆಯ ಮಾತನ್ನು ಹೇಳಿಕೊಳ್ಳಿ. ನೀವು ಕೇಳಿದ್ದಕ್ಕೆ ನಾನು ಕೊಡುವ ವಚನ ಇದೊಂದೇ. ಆದರೆ ಏಳಬೇಡಿ. ಮೊದಲ ಸಲ ಬಾರಿಸಿದ್ದು ನಿಮ್ಮ ಯಜಮಾನರಿಗೆ ಕೇಳಿಸದೆ ಹೋಗಬಹುದು. ಎರಡನೆಯದಕ್ಕೋ ಮೂರನೆಯದಕ್ಕೋ ಕೇಳಿಸುತ್ತದೆ.